ತನ್ನನ್ನು ತಾನು ಅರಿಯಲು ಸೈಕೋಡೈನಮಿಕ್ ಆಪ್ತಸಮಾಲೋಚನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಪ್ತಸಮಾಲೋಚನೆಗೆ ಬಂದವರು, ಬರಲೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಿರುವವರು, ಅವರ ಮನೆಯವರು ಎದುರು ಕುಳಿತೋ ಪತ್ರ ಬರೆದೋ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಯಾವ ಉತ್ತರವನ್ನು ಬೇಕಾದರೂ ಮೊದಲು ಓದಬಹುದು. ಉದಾಹರಣೆಗಳಲ್ಲಿ ಬರುವವರು ನಿಜವಾದ ವ್ಯಕ್ತಿಗಳಲ್ಲ; ಈ ಕೆಲಸದಲ್ಲಿ ಸಾಮಾನ್ಯವಾಗಿ ಎದುರಾಗುವ ಸಂಗತಿಗಳನ್ನು ಕೂಡಿಸಿ ಕಟ್ಟಿಕೊಂಡವರು.

## ಮೊದಲು ಕೇಳುವ ಪ್ರಶ್ನೆಗಳು

ಸೈಕೋಡೈನಮಿಕ್ ಆಪ್ತಸಮಾಲೋಚನೆ ಎಂದರೆ ಏನು? ಒಂದೇ ಮಾತಿನಲ್ಲಿ ಹೇಳಬಹುದಾ?

ನಮ್ಮ ಭಾವನೆ, ಆಯ್ಕೆ, ಸಂಬಂಧಗಳನ್ನು ನಮ್ಮ ಅರಿವಿಗೆ ಬಾರದ ಮನಸ್ಸಿನ ಭಾಗವೂ ನಡೆಸುತ್ತಿರುತ್ತದೆ, ಆ ಭಾಗವನ್ನು ಇನ್ನೊಬ್ಬರ ಜೊತೆ ಕುಳಿತು ಮಾತನಾಡುತ್ತಾ ನಿಧಾನವಾಗಿ ಅರಿವಿಗೆ ತಂದುಕೊಳ್ಳಬಹುದು ಎಂಬ ತಿಳಿವಳಿಕೆಯ ಮೇಲೆ ನಿಂತಿರುವ ಮಾತಿನ ಚಿಕಿತ್ಸೆ ಇದು. ಹೆಸರಿನಲ್ಲಿರುವ ‘ಡೈನಮಿಕ್’ ಎಂಬ ಪದ, ಮನಸ್ಸಿನೊಳಗೆ ಒಂದನ್ನೊಂದು ಎಳೆದಾಡುವ ಒತ್ತಡಗಳಿವೆ ಎಂಬುದನ್ನು ಸೂಚಿಸುತ್ತದೆ. ವರ್ಷಗಟ್ಟಲೆ ಬಡ್ತಿಗಾಗಿ ಹಂಬಲಿಸಿದವರೊಬ್ಬರು ಸಂದರ್ಶನದ ದಿನವೇ ಬೇಕಾದ ಕಾಗದಪತ್ರಗಳನ್ನು ಮನೆಯಲ್ಲಿ ಮರೆತು ಹೋಗುತ್ತಾರೆ ಎಂದುಕೊಳ್ಳಿ. ಅದು ಬರೀ ಮರೆವಿರಬಹುದು. ಆದರೆ ಇಂಥದ್ದೇ ಮೂರು ಸಲ ನಡೆದಿದ್ದರೆ, ಬೇಕು ಎನ್ನುವ ಮನಸ್ಸಿನ ಪಕ್ಕದಲ್ಲೇ ಬೇಡ ಎನ್ನುವ ಇನ್ನೊಂದು ಮನಸ್ಸು ಕುಳಿತಿದೆಯೇ, ಇದ್ದರೆ ಅದಕ್ಕೆ ಯಾವುದರ ಭಯ ಎಂದು ಕೇಳುವುದು ಈ ವಿಧಾನದ ರೀತಿ.

ಇದು ಫ್ರಾಯ್ಡ್ ಮಾಡುತ್ತಿದ್ದ ಮನೋವಿಶ್ಲೇಷಣೆಯೇ ಅಲ್ಲವಾ? ಮಂಚದ ಮೇಲೆ ಮಲಗಿ ಮಾತಾಡಬೇಕಾ?

ಬೇರು ಅದೇ, ಮರ ಬೇರೆ. 1895ರಲ್ಲಿ ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಮತ್ತು ಅಲ್ಲಿನದೇ ವೈದ್ಯ ಜೋಸೆಫ್ ಬ್ರಾಯರ್ ಸೇರಿ ಪ್ರಕಟಿಸಿದ, ಹಿಸ್ಟೀರಿಯಾ (ದೇಹದಲ್ಲಿ ಕಾರಣ ಸಿಗದ ಲಕ್ಷಣಗಳಿಗೆ ಆಗ ಇದ್ದ ಹೆಸರು) ಕುರಿತ ಅಧ್ಯಯನದಲ್ಲಿ ಬ್ರಾಯರ್ ಅವರ ರೋಗಿಯೊಬ್ಬರ ವಿವರವಿದೆ. ‘ಆನಾ ಓ’ ಎಂಬ ಮರೆಹೆಸರಿನ ಆ ಯುವತಿ ತನಗೆ ಸಿಕ್ಕಿದ್ದನ್ನು ‘ಮಾತಿನ ಚಿಕಿತ್ಸೆ’ ಎಂದು ಕರೆದಿದ್ದರು. ಆ ಹೆಸರು ವೈದ್ಯರದ್ದಲ್ಲ, ಚಿಕಿತ್ಸೆ ಪಡೆದವರದ್ದು ಎಂಬುದು ನನಗೆ ಯಾವಾಗಲೂ ಮುಖ್ಯವಾಗಿ ಕಾಣುತ್ತದೆ.

ಪೂರ್ಣ ಪ್ರಮಾಣದ ಮನೋವಿಶ್ಲೇಷಣೆಯಲ್ಲಿ ವಾರಕ್ಕೆ ನಾಲ್ಕೈದು ದಿನ, ಮಲಗಿಕೊಂಡು, ವರ್ಷಗಟ್ಟಲೆ ಮಾತನಾಡುವುದು ವಾಡಿಕೆ. ಸೈಕೋಡೈನಮಿಕ್ ಆಪ್ತಸಮಾಲೋಚನೆಯಲ್ಲಿ ಸಾಮಾನ್ಯವಾಗಿ ವಾರಕ್ಕೊಮ್ಮೆ, 50 ನಿಮಿಷ, ಎದುರುಬದುರು ಕುರ್ಚಿಗಳಲ್ಲಿ ಕುಳಿತು ಮಾತನಾಡುತ್ತಾರೆ. ಫ್ರಾಯ್ಡ್ 1939ರಲ್ಲಿ ತೀರಿಕೊಂಡರು. ಅವರ ಕಾಲದಲ್ಲೂ ನಂತರವೂ ಮೆಲನಿ ಕ್ಲೈನ್, ಡೊನಾಲ್ಡ್ ವಿನಿಕಾಟ್, ಜಾನ್ ಬೌಲ್ಬಿ ಮೊದಲಾದ ಮನೋವಿಶ್ಲೇಷಕರು ಈ ಚಿಂತನೆಯನ್ನು ಬೇರೆ ಬೇರೆ ದಿಕ್ಕಿಗೆ ಒಯ್ದರು. ಇಂದಿನ ಆಪ್ತಸಮಾಲೋಚಕರು ಫ್ರಾಯ್ಡ್ ಹೇಳಿದ್ದನ್ನೆಲ್ಲ ಒಪ್ಪುತ್ತಾರೆ ಎಂದೇನಿಲ್ಲ. ಹೆಂಗಸರ ಬಗ್ಗೆ ಅವರು ಬರೆದ ಎಷ್ಟೋ ವಿಚಾರಗಳನ್ನು ಈ ಪರಂಪರೆಯವರೇ ತಳ್ಳಿಹಾಕಿದ್ದಾರೆ.

ಆಪ್ತ ಸ್ನೇಹಿತರ ಹತ್ತಿರ ಹೇಳಿಕೊಂಡರೆ ಸಾಲದೇ?

ಎದೆಭಾರ ಇಳಿಸಿಕೊಳ್ಳಲು ಸ್ನೇಹಿತರೇ ಸಾಕು, ಎಷ್ಟೋ ಸಲ ಅವರೇ ಮೇಲು. ಆದರೆ ಸ್ನೇಹದಲ್ಲಿ ಕೊಡು-ಕೊಳ್ಳುವಿಕೆ ಇರುತ್ತದೆ. ನಿಮ್ಮ ಮಾತು ಅವರಿಗೆ ನೋವು ತಂದರೆ ನೀವು ಮಾತು ಬದಲಿಸುತ್ತೀರಿ, ನಿಮ್ಮ ಅಳು ನೋಡಲಾರದೆ ಅವರು ಬೇಗ ಸಮಾಧಾನ ಹೇಳುತ್ತಾರೆ. ಆಪ್ತಸಮಾಲೋಚಕರು ನಿಮ್ಮ ಬದುಕಿನ ಬೇರೆ ಯಾವ ಭಾಗದಲ್ಲೂ ಇಲ್ಲದವರು, ನಿಮ್ಮಿಂದ ಸಾಂತ್ವನ ಬಯಸದವರು, ಮುಂದಿನ ವಾರ ಅದೇ ಹೊತ್ತಿಗೆ ಅದೇ ಕುರ್ಚಿಯಲ್ಲಿ ಇರುವವರು. ಹಾಗಾಗಿ ಸ್ನೇಹಿತರ ಮುಂದೆ ಅರ್ಧಕ್ಕೆ ನಿಲ್ಲುವ ಮಾತು ಇಲ್ಲಿ ಮುಂದುವರಿಯಬಹುದು.

ನನಗೆ ಕಾಯಿಲೆ ಏನೂ ಇಲ್ಲ. ನನ್ನನ್ನು ಅರ್ಥ ಮಾಡಿಕೊಳ್ಳಬೇಕು ಅಷ್ಟೇ. ನಾನು ಹೋಗಬಹುದಾ?

ಖಂಡಿತ ಹೋಗಬಹುದು. ‘ಎಲ್ಲವೂ ಸರಿಯಿದೆ, ಆದರೂ ಏನೋ ಖಾಲಿ’, ‘ಯಾವ ಸಂಬಂಧವೂ ಒಂದು ಹಂತ ದಾಟುವುದಿಲ್ಲ’ ಎನ್ನುವಂಥ ಮಾತಿಗೆ ರೋಗದ ಹೆಸರು ಬೇಕಾಗಿಲ್ಲ.

## ಕೋಣೆಯೊಳಗೆ ಏನು ನಡೆಯುತ್ತದೆ

ಹೋಗಿ ಕುಳಿತ ಮೇಲೆ ಏನು ಮಾತಾಡಬೇಕು? ನನಗೆ ಏನೂ ತೋಚದೇ ಹೋದರೆ?

ಪಟ್ಟಿ ಮಾಡಿಕೊಂಡು ಬರುವ ಅಗತ್ಯವಿಲ್ಲ. ಮನಸ್ಸಿಗೆ ಬಂದದ್ದನ್ನು, ಅದು ಅಸಂಬದ್ಧವೆನಿಸಲಿ, ಕ್ಷುಲ್ಲಕವೆನಿಸಲಿ, ನಾಚಿಕೆಯದ್ದೆನಿಸಲಿ, ಸೋಸದೆ ಹೇಳುವುದು ಈ ವಿಧಾನದ ಮೂಲ ಕೋರಿಕೆ. ರೈಲಿನ ಕಿಟಕಿಯ ಪಕ್ಕ ಕುಳಿತವರು ಹೊರಗೆ ಬದಲಾಗುತ್ತಿರುವ ನೋಟವನ್ನು ಒಳಗಿರುವವರಿಗೆ ವಿವರಿಸುವ ಹಾಗೆ ಮಾತನಾಡಿ ಎಂದು ಫ್ರಾಯ್ಡ್ 1913ರಲ್ಲಿ ಬರೆದರು. ಇದು ಕೇಳಲು ಸುಲಭ, ಮಾಡಲು ಬಹಳ ಕಷ್ಟ. ಎಲ್ಲಿ ಮಾತು ತಡೆಯುತ್ತದೆ, ಎಲ್ಲಿ ವಿಷಯ ಥಟ್ಟನೆ ಬದಲಾಗುತ್ತದೆ, ಯಾವ ಹೆಸರು ಬಂದಾಗ ದನಿ ಇಳಿಯುತ್ತದೆ ಎಂಬುದೂ ಮಾತಿನಷ್ಟೇ ಹೇಳುತ್ತದೆ. ಮೌನವೂ ಹಾಗೆಯೇ. ಐದು ನಿಮಿಷ ಸುಮ್ಮನೆ ಕುಳಿತದ್ದಕ್ಕೆ ಯಾರೂ ನಿಮ್ಮನ್ನು ಪರೀಕ್ಷೆಯಲ್ಲಿ ನಪಾಸು ಮಾಡುವುದಿಲ್ಲ.

ಆಪ್ತಸಮಾಲೋಚಕರು ಸಲಹೆ ಕೊಡುವುದೇ ಇಲ್ಲವಂತೆ. ಹಾಗಾದರೆ ಹೋಗಿ ಏನು ಪ್ರಯೋಜನ?

ಈ ಪ್ರಶ್ನೆಯ ಹಿಂದಿರುವ ಅಸಮಾಧಾನ ನ್ಯಾಯವಾದದ್ದು. ಕಷ್ಟದಲ್ಲಿ ಬಂದವರಿಗೆ ದಾರಿ ಬೇಕಿರುತ್ತದೆ. ಪ್ರಾಣಕ್ಕೆ ಅಪಾಯವಿರುವಾಗ, ಹಿಂಸೆ ನಡೆಯುತ್ತಿರುವಾಗ ಆಪ್ತಸಮಾಲೋಚಕರು ನೇರವಾಗಿಯೇ ಮಾತನಾಡಬೇಕು. ಉಳಿದ ಸಂದರ್ಭಗಳಲ್ಲಿ ಸಲಹೆ ತಡೆಹಿಡಿಯುವುದಕ್ಕೆ ಕಾರಣವಿದೆ. ‘ಈ ಕೆಲಸ ಬಿಡಲೇ?’ ಎಂದು ಕೇಳುವವರಿಗೆ ಹೌದು ಎಂದಾಗಲಿ ಬೇಡ ಎಂದಾಗಲಿ ಹೇಳುವವರು ಮನೆಯಲ್ಲೇ ನಾಲ್ಕು ಜನ ಇರುತ್ತಾರೆ. ನಿರ್ಧಾರ ಮಾಡಬೇಕಾದಾಗಲೆಲ್ಲ ಇನ್ನೊಬ್ಬರ ಮುಖ ನೋಡುವ ಅಭ್ಯಾಸ ಎಲ್ಲಿಂದ ಬಂತು, ಸ್ವಂತ ನಿರ್ಧಾರ ತಪ್ಪಾದರೆ ಏನಾಗಬಹುದೆಂದು ಒಳಗೊಳಗೇ ಅಂಜುತ್ತಾರೆ ಎಂದು ಕೇಳುವವರು ಇರುವುದಿಲ್ಲ. ಸಲಹೆ ಕೊಟ್ಟರೆ ಆ ಒಂದು ಪ್ರಶ್ನೆ ಮುಗಿಯಬಹುದು, ಮುಂದಿನ ಪ್ರಶ್ನೆಗೆ ಅವರು ಮತ್ತೆ ಅದೇ ಬಾಗಿಲಿಗೆ ಬರಬೇಕಾಗುತ್ತದೆ.

ಎಲ್ಲದಕ್ಕೂ ಬಾಲ್ಯವನ್ನೇ, ಅಪ್ಪ-ಅಮ್ಮನನ್ನೇ ದೂರುವುದಲ್ಲವೇ ಇದು?

ದೂರುವುದು ಬೇರೆ, ಅರಿಯುವುದು ಬೇರೆ. ಮಗು ತನಗೆ ಬೇಕಾದವರ ಪ್ರೀತಿ ಕಳೆದುಕೊಳ್ಳದೆ ಬದುಕಲು ಕೆಲವು ಪಾಠಗಳನ್ನು ತಾನೇ ಕಲಿತುಕೊಳ್ಳುತ್ತದೆ: ಅತ್ತರೆ ಬೈಗುಳ, ಹಾಗಾಗಿ ಅಳಬಾರದು, ಅಮ್ಮ ದಣಿದಿದ್ದಾಳೆ, ಹಾಗಾಗಿ ಏನೂ ಕೇಳಬಾರದು. ಆ ಮನೆಯಲ್ಲಿ, ಆ ವಯಸ್ಸಿನಲ್ಲಿ ಅವು ಜಾಣ ಪಾಠಗಳೇ ಆಗಿದ್ದವು. ತೊಡಕು ಬರುವುದು, ಮೂವತ್ತು ವರ್ಷಗಳ ನಂತರ, ಪೂರ್ತಿ ಬೇರೆ ಜನರ ನಡುವೆಯೂ ಅದೇ ಪಾಠದ ಪ್ರಕಾರ ನಡೆಯುತ್ತಿರುವಾಗ.

ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ವಿನಿಕಾಟ್ ‘ಸಾಕಷ್ಟು ಒಳ್ಳೆಯ ತಾಯಿ’ ಎಂಬ ಮಾತನ್ನು ಬಳಕೆಗೆ ತಂದರು. ಪರಿಪೂರ್ಣ ತಾಯಿ ಮಗುವಿಗೆ ಬೇಕಿಲ್ಲ, ಮಗು ತಾಳಿಕೊಳ್ಳುವಷ್ಟರ ಮಟ್ಟಿಗೆ ಅವಳು ಕ್ರಮೇಣ ತಪ್ಪುವುದರಿಂದಲೇ ಮಗು ಹೊರ ಜಗತ್ತನ್ನು ಅರಿಯುತ್ತದೆ ಎಂಬುದು ಅವರ ವಿಚಾರ. ಈ ಕೆಲಸ ಸರಿಯಾಗಿ ನಡೆದಾಗ ಹೆತ್ತವರ ಮೇಲಿನ ಸಿಟ್ಟು ಮೊದಲು ಹೆಚ್ಚಿದಂತೆ ಕಾಣುವುದುಂಟು. ಆಮೇಲೆ ಅವರು ತಮ್ಮದೇ ಭಯಗಳಿದ್ದ ಮನುಷ್ಯರಾಗಿ ಕಾಣತೊಡಗುತ್ತಾರೆ. ನಿಜವಾದ ಕ್ರೌರ್ಯ ನಡೆದಿದ್ದ ಮನೆಗಳಲ್ಲಿ ಮಾತ್ರ ಅದನ್ನು ಕ್ರೌರ್ಯವೆಂದೇ ಹೆಸರಿಸಬೇಕು. ಕ್ಷಮಿಸಲೇಬೇಕೆಂಬ ಒತ್ತಾಯ ಯಾರ ಮೇಲೂ ಇರಬಾರದು.

ಕನಸುಗಳನ್ನೂ ಹೇಳಬೇಕಾ?

ನೆನಪಿದ್ದರೆ, ಹೇಳಬೇಕೆನಿಸಿದರೆ ಹೇಳಿ. ಹಾವು ಕಂಡರೆ ಇದು, ನೀರು ಕಂಡರೆ ಅದು ಎಂಬ ಶಕುನದ ಕೋಷ್ಟಕ ಇಲ್ಲಿಲ್ಲ. ಆ ಕನಸಿನ ಒಂದೊಂದು ತುಣುಕೂ ನಿಮಗೆ ಏನನ್ನು ನೆನಪಿಸುತ್ತದೆ ಎಂಬುದರಿಂದಲೇ ಅರ್ಥ ಹುಟ್ಟಬೇಕು.

## ಇನ್ನಷ್ಟು ಆಳಕ್ಕೆ

ನನ್ನ ಬಗ್ಗೆ ನನಗೇ ಗೊತ್ತಿಲ್ಲದ್ದು ಇನ್ನೊಬ್ಬರಿಗೆ ಹೇಗೆ ಗೊತ್ತಾಗುತ್ತದೆ?

ಅವರಿಗೂ ಮೊದಲೇ ಗೊತ್ತಿರುವುದಿಲ್ಲ. ಆದರೆ ನಮ್ಮ ಬೆನ್ನು ನಮಗೆ ಕಾಣದು, ಎದುರಿನವರಿಗೆ ಕಾಣುತ್ತದೆ. ಸಹಿಸಲು ಕಷ್ಟವಾದ ಭಾವನೆಯನ್ನು ದೂರವಿಡಲು ಮನಸ್ಸು ಬಳಸುವ ಉಪಾಯಗಳನ್ನು ರಕ್ಷಣಾ ತಂತ್ರಗಳು ಎನ್ನುತ್ತಾರೆ. ಫ್ರಾಯ್ಡ್ ಅವರ ಮಗಳು ಆನಾ ಫ್ರಾಯ್ಡ್ 1936ರಲ್ಲಿ ಇವುಗಳ ಮೇಲೆಯೇ ಒಂದು ಪುಸ್ತಕ ಬರೆದು ಅವನ್ನು ವ್ಯವಸ್ಥಿತವಾಗಿ ವಿವರಿಸಿದರು. ಮೇಲಧಿಕಾರಿಯ ಮೇಲಿನ ಸಿಟ್ಟನ್ನು ಮನೆಗೆ ಬಂದು ಮಕ್ಕಳ ಮೇಲೆ ತೀರಿಸಿಕೊಳ್ಳುವುದು, ನಮ್ಮೊಳಗಿನ ಅಸೂಯೆಯನ್ನು ಎದುರಿನವರಲ್ಲಿ ಕಾಣುವುದು, ದುಃಖವನ್ನು ಅನುಭವಿಸುವ ಬದಲು ಅದರ ಮೇಲೆ ಭಾಷಣ ಮಾಡುವುದು ಇವೆಲ್ಲ ಆ ಬಗೆಯವು. ಇವು ದೋಷಗಳಲ್ಲ, ಇವಿಲ್ಲದೆ ಯಾರೂ ಬದುಕಲಾರರು.

ಒಬ್ಬರು ತಂದೆಯ ಸಾವಿನ ದಿನವನ್ನು ವಿವರಿಸುತ್ತಿದ್ದಾರೆ. ಆಸ್ಪತ್ರೆಯ ಕಾಗದಗಳು, ಫೋನ್ ಮಾಡಬೇಕಾದವರ ಪಟ್ಟಿ, ಯಾರು ಎಷ್ಟು ಹೊತ್ತಿಗೆ ಬಂದರು ಎಂಬ ಲೆಕ್ಕ ಎಲ್ಲವೂ ಕ್ರಮವಾಗಿ ಬರುತ್ತಿದೆ, ತುಟಿಯ ಮೇಲೆ ಸಣ್ಣ ನಗು ಉಳಿದಿದೆ. ‘ನೀವು ನಗುತ್ತಾ ಹೇಳುತ್ತಿದ್ದೀರಿ’ ಎಂದು ಆಪ್ತಸಮಾಲೋಚಕರು ಮೆಲ್ಲಗೆ ಹೇಳುತ್ತಾರೆ. ಅವರು ಕೈಯನ್ನು ಬಾಯಿಗೆ ಒತ್ತಿಕೊಂಡು ಸುಮ್ಮನಾಗುತ್ತಾರೆ. ಆ ನಗು ಅಲ್ಲಿದೆ ಎಂಬುದು ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ಜನ ಬೇರೆ, ಊರು ಬೇರೆ, ಆದರೂ ನನ್ನ ಸಂಬಂಧಗಳು ಒಂದೇ ಥರ ಮುರಿಯುತ್ತವೆ. ಯಾಕೆ?

ನೆನಪಿಸಿಕೊಳ್ಳಲಾಗದ್ದನ್ನು ಮನುಷ್ಯ ನಡವಳಿಕೆಯಲ್ಲಿ ಮತ್ತೆ ಆಡಿ ತೋರಿಸುತ್ತಾನೆ ಎಂದು ಫ್ರಾಯ್ಡ್ 1914ರ ಒಂದು ಲೇಖನದಲ್ಲಿ ವಾದಿಸಿದರು. ಮುಂದೆ ಬೌಲ್ಬಿ ಇದನ್ನು ಇನ್ನೊಂದು ಕಡೆಯಿಂದ ನೋಡಿದರು. ತನ್ನನ್ನು ನೋಡಿಕೊಳ್ಳುವವರೊಂದಿಗಿನ ಅನುಭವದಿಂದ ಮಗು, ‘ನಾನು ಪ್ರೀತಿಗೆ ಅರ್ಹವೇ, ಕರೆದರೆ ಯಾರಾದರೂ ಬರುತ್ತಾರೆಯೇ’ ಎಂಬುದರ ಒಂದು ಒಳ ನಕಾಶೆ ಮಾಡಿಕೊಳ್ಳುತ್ತದೆ, ಬೆಳೆದ ಮೇಲೂ ಹೊಸ ಸಂಬಂಧಗಳಲ್ಲಿ ಅದೇ ನಕಾಶೆ ಹಿಡಿದು ನಡೆಯುತ್ತದೆ. ಬಿಟ್ಟು ಹೋಗುತ್ತಾರೆಂದು ಮೊದಲೇ ನಂಬಿದವರು ದಿನಕ್ಕೆ ಹತ್ತು ಸಲ ಪರೀಕ್ಷಿಸುತ್ತಾರೆ, ಆ ಪರೀಕ್ಷೆಯಿಂದ ಬೇಸತ್ತು ಎದುರಿನವರು ನಿಜವಾಗಿಯೇ ಬಿಟ್ಟು ಹೋಗುತ್ತಾರೆ. ನಂಬಿಕೆಗೆ ಇನ್ನೊಂದು ಪುರಾವೆ ಸಿಗುತ್ತದೆ. ಇದನ್ನು ಹಣೆಬರಹ ಎಂದುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಇದರಲ್ಲಿ ತನ್ನ ಕೈವಾಡವೂ ಇದೆ ಎಂದು ತಿಳಿಯುವುದು ನೋವಿನ ವಿಷಯವೇ. ಆದರೆ ತನ್ನ ಕೈ ಇರುವಲ್ಲಿ ಮಾತ್ರ ತಾನು ಏನಾದರೂ ಬದಲಿಸಬಹುದು.

ನನ್ನ ಆಪ್ತಸಮಾಲೋಚಕರ ಮೇಲೆ ನನಗೆ ಸಿಟ್ಟು ಬರುತ್ತದೆ, ಒಮ್ಮೊಮ್ಮೆ ತುಂಬಾ ಹಚ್ಚಿಕೊಂಡಿದ್ದೇನೆ ಅನ್ನಿಸುತ್ತದೆ. ಇದು ಸರಿಯೇ?

ಸರಿ, ಅಷ್ಟೇ ಅಲ್ಲ, ಈ ವಿಧಾನದ ಹೃದಯವೇ ಇದು. ಹಿಂದಿನ ಮುಖ್ಯ ಸಂಬಂಧಗಳ ಭಾವನೆ, ನಿರೀಕ್ಷೆ, ಭಯಗಳು ಈಗ ಎದುರಿಗಿರುವವರ ಮೇಲೆ ಹರಿಯುವುದನ್ನು ಟ್ರಾನ್ಸ್‌ಫರೆನ್ಸ್, ಅಂದರೆ ಭಾವ ವರ್ಗಾವಣೆ ಎನ್ನುತ್ತಾರೆ. ಬದುಕಿನಲ್ಲಿ ಇದು ಎಲ್ಲೆಡೆ ನಡೆಯುತ್ತದೆ, ಆದರೆ ನಿಂತು ನೋಡುವ ಅವಕಾಶ ಇರುವುದು ಇಲ್ಲಿ.

ನಲವತ್ತರ ಹತ್ತಿರದ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಿ. ಪ್ರತಿ ವಾರ ನಲವತ್ತು ನಿಮಿಷ ಆಗುತ್ತಿದ್ದಂತೆ ನೆಲದ ಮೇಲಿದ್ದ ಬ್ಯಾಗನ್ನು ತೊಡೆಯ ಮೇಲೆತ್ತಿಕೊಂಡು, ಜಿಪ್ ಎಳೆದು, ‘ನಿಮಗೆ ತಡವಾಗುತ್ತಿದೆಯೇನೋ’ ಎನ್ನುತ್ತಾರೆ. ಆರೇಳು ವಾರ ಇದು ನಡೆದ ಮೇಲೆ ಆಪ್ತಸಮಾಲೋಚಕರು, ‘ಇನ್ನೂ ಹತ್ತು ನಿಮಿಷ ಇದೆ. ಬ್ಯಾಗ್ ಎತ್ತಿಕೊಳ್ಳುವ ಮುಂಚೆ ನೀವು ಏನು ಹೇಳುತ್ತಿದ್ದಿರಿ?’ ಎಂದು ಕೇಳುತ್ತಾರೆ. ಅವರಿಗೆ ಕಸಿವಿಸಿಯಾಗುತ್ತದೆ, ಮುಂದಿನ ವಾರ ಕಾಲು ಗಂಟೆ ತಡವಾಗಿ ಬರುತ್ತಾರೆ. ಅದಾದ ಮೇಲಿನ ವಾರ ತಾವೇ ಹೇಳುತ್ತಾರೆ: ತಮ್ಮ ಸದಾ ಕಾಯಿಲೆಯವನು, ಅಮ್ಮ ಸದಾ ಅವನ ಹಾಸಿಗೆಯ ಪಕ್ಕ. ಈಕೆ ಬಾಗಿಲಲ್ಲೇ ನಿಂತು, ಹೇಳಬೇಕಾದ್ದನ್ನು ಎರಡು ಮಾತಿನಲ್ಲಿ ಹೇಳಿ, ಅಮ್ಮನ ಮುಖ ಬಾಡುವ ಮುಂಚೆಯೇ ಹೊರಟುಬಿಡುತ್ತಿದ್ದರು. ‘ನನಗೆ ಇದು ಬೇಕು’ ಎಂಬ ಮಾತು ಬಾಯಿಗೆ ಬಂದಾಗಲೆಲ್ಲ ಕೈ ಬ್ಯಾಗಿಗೆ ಹೋಗುತ್ತದೆ ಎಂಬುದು ಇಬ್ಬರಿಗೂ ಅಂದೇ ಕಂಡದ್ದು. ಅಮ್ಮನ ಕಥೆ ಅವರಿಗೆ ಮೊದಲೂ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು, ತಾನು ಇನ್ನೂ ಆ ಬಾಗಿಲಲ್ಲೇ ನಿಂತಿದ್ದೇನೆ ಎಂಬುದು.

ಹಾಗಾಗಿ ಸಿಟ್ಟು ಬಂದರೆ ಸಿಟ್ಟು ಬಂದಿದೆ ಎಂದೇ ಹೇಳಿ. ಆಪ್ತಸಮಾಲೋಚಕರು ನಿಜವಾಗಿಯೂ ತಪ್ಪು ಮಾಡಿದ್ದರೆ ಅದನ್ನು ಒಪ್ಪಿಕೊಳ್ಳುವುದು ಅವರ ಕೆಲಸ. ಎಲ್ಲ ದೂರನ್ನೂ ‘ನಿಮ್ಮ ಹಳೆಯ ಭಾವನೆ’ ಎಂದು ತಳ್ಳಿಹಾಕುವುದು ಈ ಪರಿಕಲ್ಪನೆಯ ದುರುಪಯೋಗ.

ನನ್ನ ಮಾತು ಕೇಳಿ ಅವರಿಗೂ ಏನಾದರೂ ಅನ್ನಿಸುತ್ತದಾ?

ಅನ್ನಿಸುತ್ತದೆ. ಆಪ್ತಸಮಾಲೋಚಕರಲ್ಲಿ ಏಳುವ ಈ ಪ್ರತಿಭಾವನೆಗಳನ್ನು ಫ್ರಾಯ್ಡ್ 1910ರ ಹೊತ್ತಿಗೆ, ಮೀರಬೇಕಾದ ಅಡ್ಡಿಗಳೆಂದೇ ನೋಡಿದ್ದರು. 1950ರಲ್ಲಿ ಮನೋವಿಶ್ಲೇಷಕಿ ಪೌಲಾ ಹೈಮನ್ ಅದೇ ಭಾವನೆಗಳು ಎದುರಿನವರ ಮನಸ್ಸನ್ನು ಅರಿಯುವ ಸಾಧನವೂ ಹೌದೆಂದು ಬರೆದರು. ಒಬ್ಬರ ಮಾತು ಕೇಳುವಾಗ ಮಾತ್ರ ಅಕಾರಣವಾಗಿ ತೂಕಡಿಕೆ ಬರುತ್ತಿದ್ದರೆ, ಅವರ ಮಾತಿನಿಂದ ಜೀವ ಯಾಕೆ ಹೊರಗುಳಿದಿದೆ ಎಂದು ಯೋಚಿಸಬೇಕಾಗುತ್ತದೆ. ತೂಕಡಿಕೆ ತಮ್ಮದೇ ದಣಿವೋ ಅಲ್ಲವೋ ಎಂದು ಬೇರ್ಪಡಿಸಿಕೊಳ್ಳಲೆಂದೇ ಆಪ್ತಸಮಾಲೋಚಕರು ಸ್ವತಃ ಚಿಕಿತ್ಸೆ ಪಡೆದಿರಬೇಕು, ಹಿರಿಯರ ಮೇಲ್ವಿಚಾರಣೆಯಲ್ಲಿರಬೇಕು.

ನನ್ನ ಸಮಸ್ಯೆಯ ಮೂಲ ನನಗೆ ಚೆನ್ನಾಗಿ ಗೊತ್ತು. ಆದರೂ ನಾನು ಬದಲಾಗಿಲ್ಲವಲ್ಲ?

ತಲೆಗೆ ಗೊತ್ತಾಗುವುದಕ್ಕೂ ಮನಸ್ಸಿಗೆ ನಾಟುವುದಕ್ಕೂ ನಡುವೆ ಬಹಳ ದಾರಿ ಇದೆ. ಅರಿವಾದ ಮೇಲೆ ಅದೇ ಸಂಗತಿಯನ್ನು ಕಚೇರಿಯಲ್ಲಿ, ಮನೆಯಲ್ಲಿ, ಆಪ್ತಸಮಾಲೋಚಕರ ಎದುರಿನಲ್ಲಿ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಗುರುತಿಸಬೇಕಾಗುತ್ತದೆ. ಬ್ರಿಟನ್ನಿನ ಮನೋಚಿಕಿತ್ಸಕ ಡೇವಿಡ್ ಮಾಲನ್ ಇದಕ್ಕೊಂದು ತ್ರಿಕೋನ ಬರೆದು ತೋರಿಸಿದರು: ಒಂದು ಮೂಲೆಯಲ್ಲಿ ಹಿಂದಿನ ಸಂಬಂಧಗಳು, ಇನ್ನೊಂದರಲ್ಲಿ ಇಂದಿನವು, ಮತ್ತೊಂದರಲ್ಲಿ ಚಿಕಿತ್ಸಕರೊಂದಿಗಿನ ಸಂಬಂಧ. ಮೂರೂ ಮೂಲೆಗಳಲ್ಲಿ ಒಂದೇ ಎಳೆ ಕಾಣುವಾಗ ಅರಿವಿಗೆ ಬಲ ಬರುತ್ತದೆ. ಜನ ಹೇಳುವ ಬದಲಾವಣೆಗಳು ಸಾಮಾನ್ಯವಾಗಿ ಸಣ್ಣವು: ಮೊದಲು ಸಿಟ್ಟು ಮಾಡಿಕೊಂಡು ಎರಡು ದಿನವಾದ ಮೇಲೆ ಹೊಳೆಯುತ್ತಿದ್ದದ್ದು ಈಗ ಅದೇ ಸಂಜೆ ಹೊಳೆಯುತ್ತದೆ, ಮುಂದೊಂದು ದಿನ ಸಿಟ್ಟಿನ ನಡುವೆಯೇ ಹೊಳೆಯುತ್ತದೆ.

## ಅನುಮಾನಗಳು, ಎಚ್ಚರಿಕೆಗಳು

ಎಷ್ಟು ದಿನ ಹೋಗಬೇಕಾಗುತ್ತದೆ?

ಅವಧಿ ಮೊದಲೇ ನಿಗದಿಯಾದ ವಿಧಾನಗಳಿವೆ. ಖಿನ್ನತೆಗಾಗಿ ಬ್ರಿಟನ್ನಿನಲ್ಲಿ ರೂಪಿಸಿದ ಒಂದು ವಿಧಾನ 16 ವಾರಗಳದ್ದು. ಅವಧಿ ನಿಗದಿಯಿಲ್ಲದೆ ವರ್ಷ, ಎರಡು ವರ್ಷ ನಡೆಯುವುದೂ ಉಂಟು. ಒಂದು ನಿರ್ದಿಷ್ಟ ತೊಡಕಿಗೆ ಮೊದಲನೆಯದು ಸಾಕಾಗಬಹುದು. ತನ್ನ ಇಡೀ ಸ್ವಭಾವವನ್ನೇ ಅರಿಯಬೇಕೆಂದು ಬಂದವರಿಗೆ ಹೆಚ್ಚು ಕಾಲ ಬೇಕು. ಹಣ ಮತ್ತು ಸಮಯದ ಮಾತನ್ನು ಮೊದಲ ಭೇಟಿಯಲ್ಲೇ ಆಡಿಬಿಡುವುದು ಒಳ್ಳೆಯದು.

ಇದು ಕೆಲಸ ಮಾಡುತ್ತದೆ ಎನ್ನುವುದಕ್ಕೆ ಆಧಾರ ಇದೆಯಾ?

ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಶೆಡ್ಲರ್ 2010ರಲ್ಲಿ ಆಗಿನವರೆಗಿನ ಅಧ್ಯಯನಗಳನ್ನು ಪರಾಮರ್ಶಿಸಿ, ಸೈಕೋಡೈನಮಿಕ್ ಚಿಕಿತ್ಸೆಯ ಪರಿಣಾಮ ಇತರ ಮಾನ್ಯ ಮಾನಸಿಕ ಚಿಕಿತ್ಸೆಗಳಷ್ಟೇ ಇದೆ, ಚಿಕಿತ್ಸೆ ಮುಗಿದ ಮೇಲೂ ಸುಧಾರಣೆ ಮುಂದುವರಿಯುವುದು ಕಾಣುತ್ತದೆ ಎಂದು ವಾದಿಸಿದರು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್, ಖಿನ್ನತೆಯ ಕುರಿತ ತನ್ನ 2022ರ ಮಾರ್ಗಸೂಚಿಯಲ್ಲಿ ಅಲ್ಪಾವಧಿಯ ಸೈಕೋಡೈನಮಿಕ್ ಚಿಕಿತ್ಸೆಯನ್ನು ಆಯ್ಕೆಗಳಲ್ಲಿ ಒಂದಾಗಿ ಸೇರಿಸಿದೆ. ಯೋಚನೆ, ನಡವಳಿಕೆಗಳನ್ನು ನೇರವಾಗಿ ತಿದ್ದಲು ನೋಡುವ ಅರಿವಿನ ವರ್ತನಾ ಚಿಕಿತ್ಸೆಯ (ಸಿಬಿಟಿ) ಮೇಲೆ ಇದಕ್ಕಿಂತ ಹೆಚ್ಚು ಪ್ರಯೋಗಗಳು ನಡೆದಿವೆ ಎಂಬುದೂ ನಿಜ, ದೀರ್ಘಾವಧಿಯ ಚಿಕಿತ್ಸೆಯನ್ನು ಪ್ರಯೋಗಕ್ಕೆ ಒಳಪಡಿಸುವುದು ಕಷ್ಟ ಎಂಬುದೂ ನಿಜ. ಭಯ ಒಂದೇ ವಸ್ತುವಿನದ್ದಾಗಿದ್ದು ಅದು ಬೇಗ ಹೋಗಬೇಕೆಂದಿದ್ದರೆ ನಾನೇ ಆ ಬೇರೆ ದಾರಿಯನ್ನು ಸೂಚಿಸುತ್ತೇನೆ.

ಹಳೆಯದನ್ನೆಲ್ಲ ಕೆದಕಿ ನೋವು ಹೆಚ್ಚಾದರೆ? ಯಾರಿಗೆ ಇದು ಬೇಡ?

ಕೆಲವು ಭೇಟಿಗಳ ನಂತರ ಮನಸ್ಸು ಭಾರವಾಗುವುದು ಸಹಜ, ಅದನ್ನು ಮುಂದಿನ ಭೇಟಿಯಲ್ಲಿ ಹೇಳಬೇಕು. ಆದರೆ ನಿದ್ದೆ, ಊಟ, ಕೆಲಸ ವಾರಗಟ್ಟಲೆ ಕೆಟ್ಟರೆ ವೇಗ ತಗ್ಗಿಸಬೇಕು ಅಥವಾ ದಾರಿ ಬದಲಿಸಬೇಕು. ಇಲ್ಲದ ದನಿ ಕೇಳಿಸುವುದು, ವಾಸ್ತವದ ಹಿಡಿತ ತಪ್ಪುವುದು, ತೀವ್ರ ಮದ್ಯವ್ಯಸನ ಇರುವವರು ಮೊದಲು ಮನೋವೈದ್ಯರನ್ನು ಕಾಣಬೇಕು. ಆತ್ಮಹತ್ಯೆಯ ಯೋಚನೆ ಬಲವಾಗಿದ್ದರೆ ಮುಂದಿನ ವಾರದ ಭೇಟಿಗೆ ಕಾಯದೆ, ಹತ್ತಿರದವರಿಗೆ ತಿಳಿಸಿ ಕೂಡಲೇ ತುರ್ತು ನೆರವು ಪಡೆಯಬೇಕು. ಔಷಧಿ ತೆಗೆದುಕೊಳ್ಳುತ್ತಲೇ ಆಪ್ತಸಮಾಲೋಚನೆಗೆ ಬರಬಹುದು, ಎರಡಕ್ಕೂ ವಿರೋಧವಿಲ್ಲ.

ಒಳ್ಳೆಯ ಆಪ್ತಸಮಾಲೋಚಕರನ್ನು ಗುರುತಿಸುವುದು ಹೇಗೆ?

ತರಬೇತಿ ಎಲ್ಲಿ ಪಡೆದರು, ಮೇಲ್ವಿಚಾರಣೆಯಲ್ಲಿ ಇದ್ದಾರೆಯೇ, ಹೇಳಿದ್ದನ್ನು ಗುಟ್ಟಾಗಿಡುವರೇ, ಯಾವ ಸಂದರ್ಭದಲ್ಲಿ ಗುಟ್ಟು ಬಿಡಬೇಕಾಗುತ್ತದೆ ಎಂದು ನೇರವಾಗಿ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವವರು ಬೇಡ. ಮೊದಲ ದಿನವೇ ನಿಮ್ಮ ಬದುಕಿನ ಕೀಲಿಕೈ ಸಿಕ್ಕಿತು ಎನ್ನುವವರು, ಮರೆತುಹೋದ ದೌರ್ಜನ್ಯ ನಿಮಗೆ ಆಗಿಯೇ ಇರಬೇಕೆಂದು ಒತ್ತಿ ಹೇಳುವವರು, ಸ್ನೇಹ ಅಥವಾ ದೈಹಿಕ ಸಲುಗೆಗೆ ಕೈಚಾಚುವವರು ಇದ್ದರೆ ತಕ್ಷಣ ಹೊರಬನ್ನಿ. ಕೊನೆಯದು ಯಾವ ವಿವರಣೆಯಿಂದಲೂ ಸರಿಯಾಗುವಂಥದ್ದಲ್ಲ.

ನಿಲ್ಲಿಸುವ ಸಮಯ ಬಂತು ಎಂದು ಹೇಗೆ ತಿಳಿಯುತ್ತದೆ?

ಸಮಸ್ಯೆಗಳೆಲ್ಲ ಮುಗಿಯುವ ದಿನಕ್ಕಾಗಿ ಕಾಯಬೇಡಿ. ಆಪ್ತಸಮಾಲೋಚಕರು ಕೇಳುತ್ತಿದ್ದ ಪ್ರಶ್ನೆಯನ್ನು ನೀವೇ ನಿಮಗೆ ಕೇಳಿಕೊಳ್ಳುತ್ತಿದ್ದೀರಿ, ಅವರ ಬಗ್ಗೆ ಮೆಚ್ಚುಗೆ, ಬೇಸರ ಎರಡನ್ನೂ ಹೇಳಬಲ್ಲಿರಿ ಎಂದಾದಾಗ ಮಾತು ಎತ್ತಬಹುದು. ಥಟ್ಟನೆ ನಿಲ್ಲಿಸದೆ, ಮುಂಚೆಯೇ ದಿನ ನಿಗದಿ ಮಾಡಿಕೊಂಡು ಕೆಲವು ವಾರ ಅಗಲಿಕೆಯ ಬಗ್ಗೆಯೇ ಮಾತನಾಡುವುದು ಮುಖ್ಯ, ಏಕೆಂದರೆ ಹಿಂದಿನ ಅಗಲಿಕೆಗಳೆಲ್ಲ ಆಗ ಮತ್ತೆ ಮೇಲೇಳುತ್ತವೆ. ಮೇಲೆ ಹೇಳಿದ ಆ ಮಹಿಳೆಯ ಕೊನೆಯ ತಿಂಗಳಲ್ಲಿ ಬ್ಯಾಗ್ ನೆಲದ ಮೇಲೆಯೇ ಇರುತ್ತಿತ್ತು. ಸಮಯ ಮುಗಿಯಿತೆಂದು ಆಪ್ತಸಮಾಲೋಚಕರೇ ಹೇಳಬೇಕಾಗುತ್ತಿತ್ತು. ‘ಇಷ್ಟು ಬೇಗವಾ?’ ಎಂದು ಅವರು ಬೇಸರ ಮುಚ್ಚಿಡದೆ ಕೇಳುತ್ತಿದ್ದರು.